ಫೆರೈಟ್ ಬಳೆಯೊಳಗಿನ ಬುಗುರಿಗಳು

(ಕೋಲಾರದಲ್ಲಿ ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಮುಂದಿನ ಸಾಲಿನಿಂದ ಮೂರು ಕಪ್ಪು ಬಳೆಗಳು ಹಿಂದಕ್ಕೆ ಬರುತ್ತಿವೆ. ಬಳೆ ಅಂದರೆ ಕೈಗೆ ಹಾಕಿಕೊಳ್ಳುವಷ್ಟು ದೊಡ್ಡದಲ್ಲ, ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು, ನಡುವೆ ಒಂದು ತೂತು. ಒಬ್ಬೊಬ್ಬರೂ ಕೈಯಲ್ಲಿ ಹಿಡಿದು ನೋಡಿ ಪಕ್ಕದವರಿಗೆ ಕೊಡಿ. ಬೀಳಿಸಬೇಡಿ, ಪಿಂಗಾಣಿ ಲೋಟದ ಹಾಗೆ ಒಡೆದುಹೋಗುತ್ತದೆ. ಇದರ ಹೆಸರು ಫೆರೈಟ್. ಇವತ್ತು ನಾನು ಹೇಳಬೇಕಾದದ್ದೆಲ್ಲ ಈ ಬಳೆಯ ಬಗ್ಗೆಯೇ. ಇಂಥ ಬಳೆಗಳನ್ನು ಸಾಲಾಗಿ ಪೋಣಿಸಿ ಒಂದು ತುದಿಯಿಂದ ಜೋರಾದ ವಿದ್ಯುತ್ ಏಟು ಕೊಟ್ಟರೆ, ಇನ್ನೊಂದು ತುದಿಯಿಂದ ಮೆಗಾವ್ಯಾಟ್ ಲೆಕ್ಕದ ಮೈಕ್ರೋವೇವ್ ಹೊರಗೆ ಬರುತ್ತದೆ. ಒಳಗೆ ನಿರ್ವಾತ ಇಲ್ಲ, ಬಿಸಿ ಫಿಲಮೆಂಟ್ ಇಲ್ಲ, ಎಲೆಕ್ಟ್ರಾನ್‌ಗಳ ಕಿರಣ ಇಲ್ಲ. ಬರೀ ಈ ಕಲ್ಲು.

ಕಲ್ಲು ಅಂದೆ, ಆದರೆ ನಿಜವಾಗಿ ಇದು ನಮ್ಮ ಮಾಲೂರಿನ ಹೆಂಚಿಗೆ ಹತ್ತಿರದ ನೆಂಟ. ಹೆಂಚು ಹೇಗೆ ಮಾಡುತ್ತಾರೆ ಅಂತ ನಿಮ್ಮಲ್ಲಿ ತುಂಬಾ ಜನ ನೋಡಿದ್ದೀರಿ. ಮಣ್ಣು ಹದ ಮಾಡಿ, ಅಚ್ಚಿಗೆ ಒತ್ತಿ, ಒಣಗಿಸಿ, ಗೂಡಿನಲ್ಲಿ ಸುಡುತ್ತಾರೆ. ಫೆರೈಟ್ ಮಾಡುವುದೂ ಹಾಗೆಯೇ. ಮಣ್ಣಿನ ಬದಲು ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕಿನ ಪುಡಿ. ಅದರ ಜೊತೆ ನಿಕ್ಕಲ್ ಮತ್ತು ಸತುವಿನ ಆಕ್ಸೈಡ್ ಪುಡಿ. ಚೆನ್ನಾಗಿ ಅರೆದು, ಅಚ್ಚಿಗೆ ಒತ್ತಿ, ಸುಮಾರು 1200-1300 ಡಿಗ್ರಿಯಲ್ಲಿ ಸುಟ್ಟರೆ ಈ ಕಪ್ಪು ಬಳೆ. ನಿಮ್ಮ ಲ್ಯಾಪ್‌ಟಾಪ್ ಚಾರ್ಜರ್ ವೈರಿನಲ್ಲಿ ಒಂದು ದಪ್ಪ ಗಂಟು ಇರುತ್ತದಲ್ಲ, ಅದರೊಳಗೆ ಇದೇ ಇದೆ. ಅಜ್ಜನ ಕಾಲದ ಟ್ರಾನ್ಸಿಸ್ಟರ್ ರೇಡಿಯೊ ಬಿಚ್ಚಿದರೆ ತಾಮ್ರದ ತಂತಿ ಸುತ್ತಿದ ಕಪ್ಪು ಕಡ್ಡಿ ಸಿಗುತ್ತದೆ, ಅದೂ ಇದೇ. ಅಡುಗೆಮನೆಯ ಮೈಕ್ರೋವೇವ್ ಒಲೆಯೊಳಗೆ ಮ್ಯಾಗ್ನೆಟ್ರಾನ್ ಅಂತ ಒಂದು ಭಾಗ ಇದೆ, ಅದರ ಮೇಲೊಂದು ಕೆಳಗೊಂದು ದಪ್ಪ ಅಯಸ್ಕಾಂತದ ಉಂಗುರ ಇರುತ್ತದೆ. ಅದೂ ಫೆರೈಟೇ, ಬೇರೆ ಜಾತಿಯದು. ಅದು ಅಯಸ್ಕಾಂತವಾಗಿಯೇ ಉಳಿಯುವ ಗಟ್ಟಿ ಜಾತಿ. ನಿಮ್ಮ ಕೈಯಲ್ಲಿರುವುದು ಮೆದು ಜಾತಿ, ಹೊರಗಿನ ಕಾಂತಕ್ಷೇತ್ರ ಯಾವ ಕಡೆಗೋ ಅದೂ ಆ ಕಡೆಗೆ ತಿರುಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೈಕ್ರೋವೇವ್ ಒಲೆ ಅಂದ ತಕ್ಷಣ ಮನೆಗೆ ಹೋಗಿ ಬಿಚ್ಚಿ ನೋಡೋಣ ಅನಿಸುತ್ತದೆ, ನನಗೂ ಆ ವಯಸ್ಸಿನಲ್ಲಿ ಹಾಗೇ ಅನಿಸುತ್ತಿತ್ತು. ದಯವಿಟ್ಟು ಬಿಚ್ಚಬೇಡಿ. ಅದರೊಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಪ್ರಾಣವೇ ಹೋಗಬಹುದು.

ಸರಿ, ಕಬ್ಬಿಣವೇ ಇರುವಾಗ ಫೆರೈಟ್ ಯಾಕೆ? ಕಬ್ಬಿಣ ಕರೆಂಟ್ ಹರಿಸುತ್ತದೆ. ಕಾಂತಕ್ಷೇತ್ರ ಬೇಗ ಬೇಗ ಬದಲಾದರೆ ಕಬ್ಬಿಣದೊಳಗೆ ಸುಳಿ ಸುಳಿಯಾಗಿ ಕರೆಂಟ್ ಹುಟ್ಟಿ, ಬಂದ ಕ್ಷೇತ್ರವನ್ನು ಬಾಗಿಲಲ್ಲೇ ತಡೆಯುತ್ತದೆ. ಮೈಕ್ರೋವೇವ್ ವೇಗದಲ್ಲಿ ಕಬ್ಬಿಣದ ಮೇಲಿನ ತೆಳು ಪದರಕ್ಕೆ ಮಾತ್ರ ಸುದ್ದಿ ಮುಟ್ಟುತ್ತದೆ, ಒಳಗಿನದಕ್ಕೆ ಏನೂ ಗೊತ್ತೇ ಆಗುವುದಿಲ್ಲ. ನಿಕ್ಕಲ್-ಸತುವಿನ ಫೆರೈಟ್ ಹೆಚ್ಚುಕಡಿಮೆ ಕರೆಂಟನ್ನೇ ಹರಿಸುವುದಿಲ್ಲ, ಹಾಗಾಗಿ ಕ್ಷೇತ್ರ ಆರಾಮಾಗಿ ಒಳಗೆಲ್ಲ ಹೋಗುತ್ತದೆ. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಸ್ನೂಕ್ ಅನ್ನುವ ವಿಜ್ಞಾನಿ ಇಂಥ ಫೆರೈಟ್‌ಗಳನ್ನು ಬಳಕೆಗೆ ತರುವ ಕೆಲಸ ಮಾಡಿದರು. ಫೆರೈಟ್ ಒಳಗೆ ಪರಮಾಣುಗಳು ಎರಡು ಗುಂಪಾಗಿ ಹಗ್ಗ ಜಗ್ಗಾಟ ಆಡುತ್ತವೆ, ಒಂದು ಗುಂಪಿನ ಕಾಂತ ಈ ಕಡೆ, ಇನ್ನೊಂದರದು ಆ ಕಡೆ. ಎರಡೂ ಸಮ ಅಲ್ಲ, ಅದಕ್ಕೇ ಸ್ವಲ್ಪ ಕಾಂತ ಉಳಿಯುತ್ತದೆ. ಇದನ್ನು 1948ರಲ್ಲಿ ವಿವರಿಸಿದವರು ಫ್ರಾನ್ಸಿನ ಲೂಯಿ ನೀಲ್, ಅವರಿಗೆ 1970ರಲ್ಲಿ ನೊಬೆಲ್ ಬಂತು.

ಈಗ ಮೆಗಾವ್ಯಾಟ್ ವಿಷಯ. ಇಲ್ಲೇ ಹೆಚ್ಚು ಜನ ಹೆದರುವುದು, ಇಲ್ಲೇ ಹೆಚ್ಚು ಗೊಂದಲ ಕೂಡ.

ನಮ್ಮ ಎಪಿಎಂಸಿಯಿಂದ ಒಂದು ಟೊಮೇಟೊ ತೆಗೆದುಕೊಳ್ಳಿ, 100 ಗ್ರಾಂ ತೂಗುವಂಥದ್ದು. ಅದನ್ನು ನೆಲದಿಂದ ಅರ್ಧ ಮೀಟರ್ ಮೇಲಕ್ಕೆ, ಅಂದರೆ ಮೊಣಕಾಲಿನಷ್ಟು ಎತ್ತರಕ್ಕೆ ಎತ್ತಿ. ನೀವು ಖರ್ಚು ಮಾಡಿದ ಶಕ್ತಿ ಅರ್ಧ ಜೂಲ್. ಅಷ್ಟೇ. ಅದೇ ಅರ್ಧ ಜೂಲನ್ನು 10 ನ್ಯಾನೊಸೆಕೆಂಡಿನಲ್ಲಿ ಖರ್ಚು ಮಾಡಿದರೆ? 10 ನ್ಯಾನೊಸೆಕೆಂಡ್ ಅಂದರೆ ಬೆಳಕು ಬರೀ 3 ಮೀಟರ್ ಓಡುವಷ್ಟು ಹೊತ್ತು, ಈ ವೇದಿಕೆಯಿಂದ ಮುಂದಿನ ಸಾಲಿಗೆ. ಭಾಗಿಸಿ ನೋಡಿ, 50 ಮೆಗಾವ್ಯಾಟ್ ಬರುತ್ತದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 13,000 ಎಕರೆ ತುಂಬಾ ಹಾಸಿರುವ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಅದರ ನಲವತ್ತರಲ್ಲಿ ಒಂದು ಪಾಲು ಒಂದು ಟೊಮೇಟೊ ಎತ್ತುವ ಶಕ್ತಿಯಲ್ಲಿ! ಸುಳ್ಳಲ್ಲ, ಮಾಟವೂ ಅಲ್ಲ. ಶಕ್ತಿ ಜಾಸ್ತಿ ಇಲ್ಲ, ಸಮಯ ಕಡಿಮೆ, ಅಷ್ಟೇ ವಿಷಯ. ಇಂಥ ಏಟು ಸೆಕೆಂಡಿಗೆ ಸಾವಿರ ಸಲ ಕೊಟ್ಟರೂ ಸರಾಸರಿ ಬೇಕಾಗುವುದು 500 ವ್ಯಾಟ್, ಒಂದು ಮಿಕ್ಸಿಯಷ್ಟು.

ಹಾಗಾದರೆ ಸಮಯವನ್ನು ಹಿಂಡುವುದು ಹೇಗೆ? ಅರ್ಧ ಕೆಲಸ ಕೆಪಾಸಿಟರ್‌ಗಳದ್ದು. 1924ರಲ್ಲಿ ಜರ್ಮನಿಯ ಎರ್ವಿನ್ ಮಾರ್ಕ್ಸ್ ತೋರಿಸಿಕೊಟ್ಟ ಉಪಾಯ ಇವತ್ತಿಗೂ ನಡೆಯುತ್ತಿದೆ. ಕೆಪಾಸಿಟರ್‌ಗಳನ್ನು ಅಕ್ಕಪಕ್ಕ ಇಟ್ಟು ತುಂಬಿಸಿ, ಒಂದರ ಹಿಂದೆ ಒಂದು ಜೋಡಿಸಿ ಖಾಲಿ ಮಾಡುವುದು. ವೋಲ್ಟೇಜ್ ಕೂಡಿಕೊಳ್ಳುತ್ತಾ ಹೋಗುತ್ತದೆ. ಅದರಿಂದ 50 ಸಾವಿರ ವೋಲ್ಟಿನ ಒಂದು ಚಿಕ್ಕ ಪಲ್ಸ್, ಅಂದರೆ ಕ್ಷಣಮಾತ್ರದ ವಿದ್ಯುತ್ ಏಟು, ಬಂತು ಅಂತ ಇಟ್ಟುಕೊಳ್ಳಿ. ಅದು ಮೇಲೇರುವುದಕ್ಕೆ ಕೆಲವು ನ್ಯಾನೊಸೆಕೆಂಡ್ ಹಿಡಿಯುತ್ತದೆ. ನಮಗೆ ಇದು ಚುರುಕು ಅನಿಸಬಹುದು, ಮೈಕ್ರೋವೇವ್‌ಗೆ ಇದು ಎತ್ತಿನ ಗಾಡಿ. 2 ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ 200 ಕೋಟಿ ಸಲ ಏರಿಳಿಯುವ ಅಲೆಯ ಒಂದು ಸುತ್ತು ಮುಗಿಯುವುದು ಅರ್ಧ ನ್ಯಾನೊಸೆಕೆಂಡಿನಲ್ಲಿ. ಉಳಿದ ಅರ್ಧ ಕೆಲಸ ಫೆರೈಟ್ ಮಾಡಬೇಕು.

ಫೆರೈಟ್ ಬಳೆಗಳನ್ನು ಒಂದು ತಾಮ್ರದ ಸರಳಿಗೆ ಮಣಿ ಪೋಣಿಸಿದ ಹಾಗೆ ಪೋಣಿಸುತ್ತೇವೆ. ಅದರ ಸುತ್ತ ಒಂದು ಲೋಹದ ಕೊಳವೆ. ಡಿಶ್ ಟಿವಿ ಕೇಬಲ್ ಕತ್ತರಿಸಿ ನೋಡಿದ್ದೀರಲ್ಲ, ನಡುವೆ ತಂತಿ, ಸುತ್ತ ಪ್ಲಾಸ್ಟಿಕ್, ಅದರ ಸುತ್ತ ಹೆಣೆದ ಲೋಹ. ಹಾಗೆಯೇ, ಆದರೆ ಪ್ಲಾಸ್ಟಿಕ್ ಇರುವ ಜಾಗದಲ್ಲಿ ಫೆರೈಟ್. ಇದನ್ನು ಟ್ರಾನ್ಸ್‌ಮಿಷನ್ ಲೈನ್ ಅನ್ನುತ್ತೇವೆ.

ಟ್ರಾನ್ಸ್‌ಮಿಷನ್ ಲೈನ್ ಅಂದಾಗ ಈ ಜಿಲ್ಲೆಯಲ್ಲಿ ನಿಂತು ಒಂದು ವಿಷಯ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಗಣಿಗಳಿಗೆ ಕರೆಂಟ್ ಬಂತು, ಸುಮಾರು 147 ಕಿಲೋಮೀಟರ್ ಲೈನ್. ಆ ಕಾಲಕ್ಕೆ ಪ್ರಪಂಚದಲ್ಲೇ ದೊಡ್ಡ ಸಾಹಸಗಳಲ್ಲಿ ಒಂದು. ಅದು ಸೆಕೆಂಡಿಗೆ 25 ಸಲ ತಿರುಗುವ ಕರೆಂಟ್. 25 ಸಲಕ್ಕೆ ಅಲೆಯ ಉದ್ದ ಎಷ್ಟು? 12,000 ಕಿಲೋಮೀಟರ್. ಅಂದರೆ ಅಷ್ಟು ಉದ್ದದ ಲೈನು ಅಲೆಯ ಲೆಕ್ಕದಲ್ಲಿ ನೂರರಲ್ಲಿ ಒಂದು ಪಾಲಿಗೆ ಸ್ವಲ್ಪ ಮೇಲೆ. ಅದೇ 2 ಗಿಗಾಹರ್ಟ್ಸ್ ಅಲೆಯ ಉದ್ದ ಗಾಳಿಯಲ್ಲಿ 15 ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ, ಫೆರೈಟ್ ಒಳಗೆ ಇನ್ನೂ ಚಿಕ್ಕದು. ಹಾಗಾಗಿ ನಾನು ಮೇಜಿನ ಮೇಲೆ ಇಡುವ ಒಂದು ಮೀಟರ್ ಕೊಳವೆ, ಅಲೆಯ ಕಣ್ಣಿನಲ್ಲಿ ಶಿವನಸಮುದ್ರದ ಲೈನಿಗಿಂತ ಎಷ್ಟೋ ಪಾಲು ಉದ್ದ. ಉದ್ದ ಗಿಡ್ಡ ಅನ್ನುವುದನ್ನು ಅಲೆಯ ಪಕ್ಕದಲ್ಲಿಟ್ಟು ಅಳೆಯಬೇಕು, ಟೇಪಿನಿಂದಲ್ಲ.

ಈ ಲೈನಿಗೆ ಪಲ್ಸ್ ಬಂದಾಗ ಏನಾಗುತ್ತದೆ? ಮಳೆ ಬಿದ್ದ ಹೊಲ ನೆನಪಿಸಿಕೊಳ್ಳಿ. ಒಂದು ಗುಂಪು ಆ ಕೆಸರಿನಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯುತ್ತಿದೆ. ಮುಂದಿನವರು ಪ್ರತಿ ಹೆಜ್ಜೆಗೂ ಕೆಸರು ತುಳಿಯಬೇಕು, ನಿಧಾನ. ಹಿಂದಿನವರಿಗೆ ತುಳಿದ ದಾರಿ ಸಿಗುತ್ತದೆ, ಅವರು ಬೇಗ ಬರುತ್ತಾರೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನವರೆಲ್ಲ ಮುಂದಿನವರ ಬೆನ್ನಿಗೆ ಬಂದು ನಿಲ್ಲುತ್ತಾರೆ, ಉದ್ದ ಸಾಲು ಒಂದೇ ಗುಂಪಾಗುತ್ತದೆ. ಪಲ್ಸ್ ಕೂಡ ಹಾಗೆಯೇ. ಅದರ ಮೊದಲ ಭಾಗ ಫೆರೈಟ್ ಒಳಗಿನ ಕಾಂತವನ್ನು ತಿರುಗಿಸುತ್ತಾ ಹೋಗಬೇಕು, ಅದಕ್ಕೆ ನಿಧಾನ. ಆಮೇಲೆ ಬರುವ ಭಾಗಕ್ಕೆ ತಿರುಗಿ ಮುಗಿದ ಫೆರೈಟ್ ಸಿಗುತ್ತದೆ. ಅಲ್ಲಿ ತಡೆ ಇಲ್ಲ, ಜೋರಾಗಿ ಓಡಿ ಮುಂದಿನದನ್ನು ಹಿಡಿಯುತ್ತದೆ. ಇಳಿಜಾರಾಗಿ ಹತ್ತುತ್ತಿದ್ದ ಪಲ್ಸ್ ಲೈನಿನ ಮುಂದಿನ ಭಾಗಕ್ಕೆ ಬರುವಷ್ಟರಲ್ಲಿ ಗೋಡೆಯ ಹಾಗೆ ನೆಟ್ಟಗೆ ಆಗಿರುತ್ತದೆ. ಏರುವ ಸಮಯ ಒಂದು ನ್ಯಾನೊಸೆಕೆಂಡಿಗಿಂತಲೂ ತುಂಬಾ ಕೆಳಗೆ ಇಳಿಯುತ್ತದೆ. ಇದನ್ನು ಆಘಾತ ಅಲೆ ಅನ್ನುತ್ತಾರೆ.

ಇದು ಮೊದಲ ಆಟ. ಎರಡನೆಯದು ಇನ್ನೂ ಚೆಂದ, ನಾನು ಈ ಕ್ಷೇತ್ರಕ್ಕೆ ಬಂದಿದ್ದೇ ಇದರಿಂದಾಗಿ.

ಬುಗುರಿ ಆಡಿದವರು ಇಲ್ಲಿ ಎಷ್ಟು ಜನ? ಚಾಟಿ ಸುತ್ತಿ ಬಿಟ್ಟ ಬುಗುರಿ ಸ್ವಲ್ಪ ವಾಲಿದರೆ ತಕ್ಷಣ ಬೀಳುವುದಿಲ್ಲ, ಅಲ್ವಾ? ಭೂಮಿ ಅದನ್ನು ಕೆಳಗೆ ಎಳೆಯುತ್ತಿದೆ, ಆದರೆ ಅದು ಬೀಳುವ ಬದಲು ತಲೆ ಸುತ್ತಿಸುತ್ತಾ ನಿಧಾನವಾಗಿ ಸುತ್ತು ಹೊಡೆಯುತ್ತದೆ. ಎಲೆಕ್ಟ್ರಾನ್ ಕೂಡ ಒಂದು ಬುಗುರಿಯ ಹಾಗೆ, ಜೊತೆಗೆ ಒಂದು ಪುಟ್ಟ ಅಯಸ್ಕಾಂತ. ಕಾಂತಕ್ಷೇತ್ರದಲ್ಲಿ ಅದು ದಿಕ್ಸೂಚಿಯ ಮುಳ್ಳಿನ ಹಾಗೆ ನೇರವಾಗಿ ತಿರುಗಿ ನಿಲ್ಲುವುದಿಲ್ಲ. ಕ್ಷೇತ್ರದ ಸುತ್ತ ತಲೆ ಸುತ್ತಿಸುತ್ತಾ, ಸುತ್ತು ಚಿಕ್ಕದಾಗುತ್ತಾ, ಆಮೇಲೆ ನಿಲ್ಲುತ್ತದೆ. ಎಷ್ಟು ವೇಗ? 1 ಟೆಸ್ಲಾ ಕ್ಷೇತ್ರದಲ್ಲಿ ಸೆಕೆಂಡಿಗೆ 28 ಶತಕೋಟಿ ಸುತ್ತು, ಅಂದರೆ 28 ಗಿಗಾಹರ್ಟ್ಸ್. ಸುತ್ತುವುದು ಮತ್ತು ಸುತ್ತುತ್ತಾ ನಿಂತುಹೋಗುವುದು, ಎರಡನ್ನೂ ಒಂದೇ ಸಮೀಕರಣದಲ್ಲಿ ಬರೆದವರು ರಷ್ಯಾದ ಲಂಡಾವ್ ಮತ್ತು ಲಿಫ್‌ಶಿಟ್ಸ್, 1935ರಲ್ಲಿ.

ಈಗ ನಮ್ಮ ಲೈನಿಗೆ ಬನ್ನಿ. ಕೊಳವೆಯ ಹೊರಗೆ ಒಂದು ತಂತಿಯ ಸುರುಳಿ ಸುತ್ತಿ ಕರೆಂಟ್ ಬಿಡುತ್ತೇವೆ. ಫೆರೈಟ್ ಒಳಗಿನ ಬುಗುರಿಗಳೆಲ್ಲ ಕೊಳವೆಯ ಉದ್ದಕ್ಕೆ ಮುಖ ಮಾಡಿ ನಿಲ್ಲುತ್ತವೆ, ಶಾಲೆಯ ಪ್ರಾರ್ಥನೆಯಲ್ಲಿ ಮಕ್ಕಳು ನಿಂತ ಹಾಗೆ. ಆಗ ಪಲ್ಸ್ ಬರುತ್ತದೆ. ನಡುವಿನ ಸರಳಿನ ಕರೆಂಟ್ ಹುಟ್ಟಿಸುವ ಕ್ಷೇತ್ರ ಉದ್ದಕ್ಕೆ ಇರುವುದಿಲ್ಲ, ಸರಳಿನ ಸುತ್ತ ಬಳೆಯಾಕಾರದಲ್ಲಿ ಇರುತ್ತದೆ. ಕ್ಷೇತ್ರದ ದಿಕ್ಕು ಕಣ್ಣು ಮಿಟುಕಿಸುವುದಕ್ಕಿಂತ ಕೋಟ್ಯಂತರ ಪಾಲು ಬೇಗ ಪಕ್ಕಕ್ಕೆ ತಿರುಗುತ್ತದೆ. ಬುಗುರಿಗಳೆಲ್ಲ ಒಟ್ಟಿಗೆ ಹೊಸ ದಿಕ್ಕಿನ ಸುತ್ತ ತಲೆ ಸುತ್ತಿಸಲು ಶುರು ಮಾಡುತ್ತವೆ. ಕಾಂತ ಹೀಗೆ ಅಲ್ಲಾಡಿದರೆ ಲೈನಿನಲ್ಲಿ ವೋಲ್ಟೇಜ್ ಹುಟ್ಟಲೇಬೇಕು, ಅದು ಫ್ಯಾರಡೆ ನಿಯಮ. ಆ ವೋಲ್ಟೇಜಿನ ಅಲುಗಾಟವೇ ನಮ್ಮ ಮೈಕ್ರೋವೇವ್.

ಒಟ್ಟಿಗೆ ಅನ್ನುವ ಪದ ಬಹಳ ಮುಖ್ಯ. ಪಲ್ಸ್ ನಿಧಾನವಾಗಿ ಏರಿದರೆ ಬುಗುರಿಗಳು ಕ್ಷೇತ್ರದ ಹಿಂದೆ ಸುಮ್ನೆ ಹೊರಳಿಕೊಂಡು ಹೋಗುತ್ತವೆ, ಸುತ್ತುವುದೇ ಇಲ್ಲ. ಒಂದು ಸುತ್ತಿಗೆ ಬೇಕಾಗುವ ಸಮಯಕ್ಕಿಂತ ಬೇಗ ಏಟು ಬೀಳಬೇಕು. ಅಂಥ ಏಟು ಎಲ್ಲಿಂದ ತರುವುದು? ಅದನ್ನೇ ಈ ಲೈನಿನ ಮೊದಲ ಭಾಗ ಮಾಡಿಕೊಟ್ಟಿದೆ. ಕೆಸರಿನ ದಾರಿಯ ಕಥೆ ಹೇಳಿದೆನಲ್ಲ, ಅದು ಇದಕ್ಕಾಗಿಯೇ. ತನಗೆ ಬೇಕಾದ ಏಟನ್ನು ಫೆರೈಟ್ ತಾನೇ ಚೂಪು ಮಾಡಿಕೊಂಡು, ಆಮೇಲೆ ಆ ಏಟಿಗೆ ತಾನೇ ದನಿಗೊಡುತ್ತದೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಇದರ ಸೊಗಸು ನನಗೆ ಇನ್ನೂ ಹಳತಾಗಿಲ್ಲ.

ಸಂತೆಯಲ್ಲಿ ಮಡಿಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತಾರೆ. ಮೆಲ್ಲಗೆ ತಟ್ಟಿದರೂ ಜೋರಾಗಿ ತಟ್ಟಿದರೂ ಮಡಿಕೆಯ ದನಿ ಅದೇ. ಫೆರೈಟ್ ಹಾಗಲ್ಲ. ಜೋರಾಗಿ ಹೊಡೆದರೆ ದನಿಯೇ ಏರುತ್ತದೆ, ಯಾಕೆಂದರೆ ಬುಗುರಿಯ ವೇಗ ಕ್ಷೇತ್ರವನ್ನು ನೋಡಿಕೊಂಡಿದೆ. ಒಂದು ಅಂದಾಜು ಲೆಕ್ಕ ಹಾಕೋಣ, ಬರೆದುಕೊಳ್ಳಿ. 50 ಸಾವಿರ ವೋಲ್ಟ್, 50 ಓಮ್ ಲೈನ್, ಕರೆಂಟ್ 1,000 ಆಂಪಿಯರ್. ಸರಳಿನ ನಡುವಿನಿಂದ 3 ಮಿಲಿಮೀಟರ್ ದೂರದಲ್ಲಿ ಕ್ಷೇತ್ರ ಎಷ್ಟು? ಕರೆಂಟನ್ನು ಆ ಸುತ್ತಳತೆಯಿಂದ ಭಾಗಿಸಿದರೆ ಮೀಟರಿಗೆ 53,000 ಆಂಪಿಯರ್, ಅಂದರೆ 0.067 ಟೆಸ್ಲಾ ಹತ್ತಿರ. 28ರಿಂದ ಗುಣಿಸಿ, ಸುಮಾರು 1.9 ಗಿಗಾಹರ್ಟ್ಸ್. ನಿಜವಾದ ಲೈನಿನಲ್ಲಿ ಫೆರೈಟ್‌ನ ಸ್ವಂತ ಕಾಂತವೂ ಸೇರಿಕೊಂಡು ಲೆಕ್ಕ ಆ ಕಡೆ ಈ ಕಡೆ ಆಗುತ್ತದೆ, ಆದರೆ ನೀವು ಪಿಯುಸಿಯಲ್ಲಿ ಕಲಿತ ಸೂತ್ರದಿಂದಲೇ ಸರಿಯಾದ ಊರಿಗೆ ಬಂದಿದ್ದೀರಿ. ಮನೆಯ ಮೈಕ್ರೋವೇವ್ ಒಲೆ 2.45 ಗಿಗಾಹರ್ಟ್ಸ್, ಅದರ ಅಕ್ಕಪಕ್ಕದಲ್ಲೇ.

ಹೊರಗಿನ ಸುರುಳಿಯ ಕರೆಂಟ್ ಸ್ವಲ್ಪ ಹೆಚ್ಚು ಕಡಿಮೆ ಮಾಡಿದರೆ ದನಿಯೂ ಬದಲಾಗುತ್ತದೆ, ಪಲ್ಸ್ ಹೊರಬರುವ ಸಮಯವೂ ಬದಲಾಗುತ್ತದೆ. ಹಾಗಾಗಿ ನಾಲ್ಕಾರು ಲೈನುಗಳನ್ನು ಪಕ್ಕಪಕ್ಕ ಇಟ್ಟು, ಸುರುಳಿಯ ಕರೆಂಟ್ ತಿದ್ದಿ, ಎಲ್ಲವೂ ಒಂದೇ ತಾಳಕ್ಕೆ ಬರುವ ಹಾಗೆ ಮಾಡಬಹುದು. ಸುರುಳಿ ಇಲ್ಲದಿದ್ದರೆ? ಬುಗುರಿಗಳು ಗುಂಪು ಗುಂಪಾಗಿ ಒಂದೊಂದು ಕಡೆ ಮುಖ ಮಾಡಿರುತ್ತವೆ. ಪಲ್ಸ್ ಚೂಪಾಗುತ್ತದೆ, ಅಲುಗಾಟ ಮಾತ್ರ ಸರಿಯಾಗಿ ಬರುವುದಿಲ್ಲ. ಸುರುಳಿಗೆ ತೀರಾ ಜಾಸ್ತಿ ಕರೆಂಟ್ ಕೊಟ್ಟರೂ ಕಷ್ಟ, ಬುಗುರಿಗಳು ಬಿಗಿಯಾಗಿ ನಿಂತುಬಿಡುತ್ತವೆ, ಏಟಿಗೆ ಹೆಚ್ಚು ವಾಲುವುದೇ ಇಲ್ಲ. ನಡುವೆ ಒಂದು ಹದ ಇದೆ, ಅದನ್ನು ಪ್ರತಿ ಲೈನಿಗೂ ಹುಡುಕಬೇಕು.

ರಷ್ಯಾದ ತೋಮ್‌ಸ್ಕ್ ನಗರದ ಹೈ ಕರೆಂಟ್ ಎಲೆಕ್ಟ್ರಾನಿಕ್ಸ್ ಸಂಸ್ಥೆ, ಇಂಗ್ಲೆಂಡಿನ ಬಿಎಇ ಸಿಸ್ಟಮ್ಸ್, ಅಮೆರಿಕದ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯ, ಬ್ರೆಜಿಲಿನ ಬಾಹ್ಯಾಕಾಶ ಸಂಸ್ಥೆ, ಇವರೆಲ್ಲ ಇದರ ಮೇಲೆ ಕೆಲಸ ಮಾಡಿದ್ದಾರೆ. ತೋಮ್‌ಸ್ಕ್‌ನವರು ನೂರಾರು ಮೆಗಾವ್ಯಾಟ್‌ವರೆಗೆ ಹೋಗಿದ್ದಾರೆ.

ಸೋಲಿನ ಮಾತೂ ಹೇಳಬೇಕು. ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಮೊದಲ ಲೈನ್ ಕಟ್ಟಲು ನಮಗೆ ಆರು ತಿಂಗಳು ಹಿಡಿಯಿತು. ಪಲ್ಸ್ ಕೊಟ್ಟೆವು. ಟಪ್ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ಬಿಚ್ಚಿ ನೋಡಿದರೆ ಒಂದು ಬಳೆಯಲ್ಲಿ ಕೂದಲೆಳೆಯ ಸೀಳು, ಪಕ್ಕದಲ್ಲಿ ಮಸಿಯ ಗೆರೆ. ಫೆರೈಟ್ ಮತ್ತು ಕೊಳವೆಯ ನಡುವಿನ ಸಂದಿಗೆ ತುಂಬಿದ ಎಪಾಕ್ಸಿ ಅಂಟಿನಲ್ಲಿ ಒಂದು ಗುಳ್ಳೆ ಉಳಿದಿತ್ತು, ಸಾಸಿವೆ ಕಾಳಿನಷ್ಟು. ಗುಳ್ಳೆಯಲ್ಲಿ ಗಾಳಿ. ಒಂದು ವಸ್ತು ತನ್ನೊಳಗಿನ ವಿದ್ಯುತ್ ಕ್ಷೇತ್ರವನ್ನು ಎಷ್ಟು ಪಾಲು ತಗ್ಗಿಸುತ್ತದೆ ಅನ್ನುವ ಅಳತೆಗೆ ಡೈಎಲೆಕ್ಟ್ರಿಕ್ ಸ್ಥಿರಾಂಕ ಅನ್ನುತ್ತಾರೆ. ಫೆರೈಟ್‌ನದು 12ರಿಂದ 15ರವರೆಗೆ ಇರುತ್ತದೆ, ಗಾಳಿಯದು 1. ಅದರ ಪರಿಣಾಮ ಏನು ಅಂದರೆ, ಎರಡೂ ಅಕ್ಕಪಕ್ಕ ಇದ್ದಾಗ ವಿದ್ಯುತ್ ಕ್ಷೇತ್ರದ ಭಾರವೆಲ್ಲ ಗಾಳಿಯ ಮೇಲೆ ಬೀಳುತ್ತದೆ, ಹತ್ತು ಪಾಲಿಗಿಂತ ಜಾಸ್ತಿ. ಗಾಳಿ ತಡೆಯಲಾರದೆ ಕಿಡಿ ಹಾರುತ್ತದೆ. ಎಪಾಕ್ಸಿಯಿಂದ ಗಾಳಿ ತೆಗೆಯಲು ನಿರ್ವಾತದಲ್ಲಿ ಇನ್ನೂ ಹೊತ್ತು ಇಡಬೇಕಿತ್ತು, ನಾವು ಅವಸರ ಮಾಡಿದ್ದೆವು. ಆಮೇಲಿನ ಲೈನಿಗೆ ಟ್ರಾನ್ಸ್‌ಫಾರ್ಮರ್ ಎಣ್ಣೆ ತುಂಬಿದೆವು. ಮೈಯೆಲ್ಲ ಎಣ್ಣೆ, ಆದರೆ ಗುಳ್ಳೆ ನಿಲ್ಲುವುದಿಲ್ಲ. ಅವತ್ತು ಸಂಜೆ ಪರದೆಯ ಮೇಲೆ ಏಳೆಂಟು ಅಲೆಗಳು ಒಂದರ ಹಿಂದೆ ಒಂದು, ಚಿಕ್ಕದಾಗುತ್ತಾ ಹೋದದ್ದನ್ನು ನೋಡಿ ನಾವು ನಾಲ್ಕು ಜನ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಚಿಕ್ಕದಾಗುತ್ತಾ ಹೋಗುವುದೇ ಇವತ್ತಿನ ದೊಡ್ಡ ತಲೆನೋವು. ಬುಗುರಿಗಳ ಸುತ್ತು ಬೇಗ ನಿಂತುಹೋಗುತ್ತದೆ. ಒಳಗೆ ಹಾಕಿದ ಶಕ್ತಿಯಲ್ಲಿ ನೂರಕ್ಕೆ ಹತ್ತು ಪಾಲು ಮೈಕ್ರೋವೇವ್ ಆದರೆ ಒಳ್ಳೆಯದೇ ಅನ್ನಬೇಕು, ಉಳಿದದ್ದರಲ್ಲಿ ಒಂದಷ್ಟು ಫೆರೈಟನ್ನೇ ಬಿಸಿ ಮಾಡುತ್ತದೆ. ಬಿಸಿಯಾದರೆ ಅದರ ಕಾಂತ ಕುಗ್ಗುತ್ತದೆ, ದನಿ ಜಾರುತ್ತದೆ. ಕ್ಯೂರಿ ತಾಪಮಾನ ದಾಟಿದರಂತೂ ಕಾಂತವೇ ಇಲ್ಲ. ಸೆಕೆಂಡಿಗೆ ಸಾವಿರ ಏಟು ಅಂದೆನಲ್ಲ, ಅದನ್ನು ತುಂಬಾ ಹೊತ್ತು ನಡೆಸಬೇಕಾದರೆ ಎಣ್ಣೆಯನ್ನು ಹರಿಸಿ ತಂಪು ಮಾಡುತ್ತಿರಲೇಬೇಕು. 5 ಗಿಗಾಹರ್ಟ್ಸ್ ದಾಟಿ ಮೇಲೆ ಹೋಗುವುದೂ ಕಷ್ಟ. ಅಲ್ಲಿ ಇವತ್ತಿಗೂ ನಿರ್ವಾತದ ಟ್ಯೂಬುಗಳದ್ದೇ ಮೇಲುಗೈ. ಆದರೆ ಟ್ಯೂಬಿಗೆ ನಿರ್ವಾತ ಕಾಪಾಡಬೇಕು, ಹೆಚ್ಚು ವೋಲ್ಟೇಜಿನಲ್ಲಿ ಎಕ್ಸ್-ರೇ ಹೊಮ್ಮುತ್ತದೆ, ಅದಕ್ಕೆ ಸೀಸದ ಗೋಡೆ ಬೇಕು. ಫೆರೈಟ್ ಲೈನಿಗೆ ಇದ್ಯಾವುದೂ ಬೇಡ.

ಇದರ ಉಪಯೋಗ ಏನು ಅಂತ ಕೇಳುತ್ತೀರಿ. ನೇರವಾಗಿ ಹೇಳುತ್ತೇನೆ, ಹಣ ಹಾಕುತ್ತಿರುವುದು ಹೆಚ್ಚಾಗಿ ರಕ್ಷಣಾ ಇಲಾಖೆಗಳು. ಹಾರಿ ಬರುವ ಡ್ರೋನಿನ ವೈರುಗಳಲ್ಲಿ ಈ ಅಲೆ ಚಿಕ್ಕ ವೋಲ್ಟೇಜ್ ಹುಟ್ಟಿಸುತ್ತದೆ. ಒಳಗಿನ ಚಿಪ್ ಕೆಲಸ ಮಾಡುವುದೇ ಒಂದೆರಡು ವೋಲ್ಟಿನಲ್ಲಿ, ಅದಕ್ಕೆ ಅಷ್ಟೇ ಸಾಕು, ದಿಕ್ಕೆಡುತ್ತದೆ. ಆದರೆ ಅಲೆಗೆ ಡ್ರೋನಿನ ಚಿಪ್ ಯಾವುದು, ಆಸ್ಪತ್ರೆಯ ಮಾನಿಟರಿನ ಚಿಪ್ ಯಾವುದು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ನನಗೆ ಇನ್ನೊಂದು ಉಪಯೋಗವೇ ಹೆಚ್ಚು ಮುಖ್ಯ ಅನಿಸುತ್ತದೆ. ನಾವು ಮಾಡುವ ಯಂತ್ರಗಳನ್ನು ಇಂಥ ಅಲೆಯ ಮುಂದೆ ಇಟ್ಟು, ಎಲ್ಲಿ ಸೋಲುತ್ತವೆ ನೋಡಿ, ಗಟ್ಟಿ ಮಾಡುವುದು. ಆ ಕೆಲಸಕ್ಕೆ ಜನ ಕಡಿಮೆ, ನಿಮ್ಮಂಥವರು ಬರಬೇಕು.

ಆ ಕೊನೆಯ ಸಾಲಿನ ಹುಡುಗಿ ಕೇಳಿದ ಪ್ರಶ್ನೆ, ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇದನ್ನು ನೋಡಬಹುದಾ ಅಂತ. ಮೆಗಾವ್ಯಾಟ್ ನೋಡಲು ಆಗುವುದಿಲ್ಲಮ್ಮಾ, ಅದನ್ನು ಪ್ರಯತ್ನಿಸಲೂ ಬೇಡಿ. ಆದರೆ ಕೆಸರಿನ ದಾರಿಯನ್ನು ನೋಡಬಹುದು, ಐದಾರು ವೋಲ್ಟಿನಲ್ಲೇ. ಫೆರೈಟ್ ಬದಲು ವ್ಯಾರಾಕ್ಟರ್ ಡಯೋಡ್ ತೆಗೆದುಕೊಳ್ಳಿ. ವೋಲ್ಟೇಜ್ ಏರಿದರೆ ಅದರ ಕೆಪಾಸಿಟೆನ್ಸ್ ಇಳಿಯುತ್ತದೆ, ಹಾಗಾಗಿ ಅಲ್ಲಿಯೂ ಪಲ್ಸಿನ ಮೇಲಿನ ಭಾಗ ಕೆಳಗಿನದಕ್ಕಿಂತ ಬೇಗ ಓಡುತ್ತದೆ. ಒಂದು ಇಂಡಕ್ಟರ್, ಒಂದು ಡಯೋಡ್, ಹೀಗೆ ಮೂವತ್ತು ಮನೆ ಸಾಲಾಗಿ ಬೆಸುಗೆ ಹಾಕಿ. ಫಂಕ್ಷನ್ ಜನರೇಟರಿನಿಂದ ಒಂದು ಅಗಲವಾದ ಪಲ್ಸ್ ಬಿಡಿ. ನಿಮ್ಮ ಲ್ಯಾಬಿನ ಸಾದಾ ಆಸಿಲೋಸ್ಕೋಪನ್ನೇ ಐದನೇ ಮನೆಗೆ ಇಟ್ಟು ನೋಡಿ, ಆಮೇಲೆ ಹದಿನೈದಕ್ಕೆ, ಆಮೇಲೆ ಮೂವತ್ತಕ್ಕೆ. ಅಗಲವಾದ ಪಲ್ಸ್ ಮೊದಲು ಚೂಪಾಗುತ್ತದೆ. ಆಮೇಲೆ ಎರಡೋ ಮೂರೋ ಮೊನೆಗಳಾಗಿ ಒಡೆಯುತ್ತದೆ, ಎತ್ತರದ್ದು ಮುಂದೆ, ಗಿಡ್ಡದ್ದು ಹಿಂದೆ. ಕಂಡರೆ ಫೋಟೊ ತೆಗೆದು ನನಗೆ ಕಳಿಸಿ. ಮತ್ತೆ ಆ ಮೂರನೇ ಬಳೆ ಇನ್ನೂ ಮುಂದಕ್ಕೆ ಬಂದಿಲ್ಲ, ಯಾರ ಹತ್ತಿರ ಇದೆ ನೋಡಿ.